ಟರ್ಬೊ ಸೋರುತ್ತಿದೆ ಅಂದರೆ ಮೊದಲು ಎಂಜಿನ್ ನೋಡಿ: ಹಳೇ ಡೀಸೆಲ್ ಫೋರ್ ಬೈ ಫೋರ್ ಕೊಳ್ಳುವವರಿಗೆ

ಮೂಡಿಗೆರೆ ತಾಲ್ಲೂಕಿನ ಬಾಳೂರು ಕಡೆ ಒಂದು ತೋಟದಲ್ಲಿ ಜೀಪು ಮಾರಾಟಕ್ಕಿದೆ ಅಂತ ಗೊತ್ತಾಗಿ ಫೋನ್ ಮಾಡಿದೆ. ಮಾಲೀಕರು ಶುರುವಿನಲ್ಲೇ ಹೇಳಿಬಿಟ್ಟರು: “ನೋಡಿ, ಟರ್ಬೊ ಸೋರ್ತಾ ಇದೆ. ಎರಡು ವರ್ಷದ ಹಿಂದೆ ಹೊಸದು ಹಾಕ್ಸಿದ್ದೆ, ಮತ್ತೆ ಹೋಗಿದೆ. ಅದರ ದುಡ್ಡು ಮುರ್ಕೊಂಡೇ ರೇಟು ಹೇಳ್ತೀನಿ.” ಟರ್ಬೊ ಅಂದರೆ ಸೈಲೆನ್ಸರ್ ಕಡೆ ಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಪುಟ್ಟ ಫ್ಯಾನು; ಸೋರುವುದು ಅದರೊಳಗಿನ ಆಯಿಲ್. ನೇರ ಮನುಷ್ಯ. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಎರಡು ವರ್ಷದಲ್ಲಿ ಎರಡು ಟರ್ಬೊ ಕೆಟ್ಟಿದೆ ಅಂದರೆ ಕೆಟ್ಟಿರುವುದು ಟರ್ಬೊ ಅಲ್ಲ, ಬೇರೆ ಏನೋ ಇದೆ ಅಂತ ನನಗೆ ಅಲ್ಲೇ ಅನುಮಾನ ಬಂತು.

ಮಲೆನಾಡಿನಲ್ಲಿ ಹಳೇ ಡೀಸೆಲ್ ಫೋರ್ ಬೈ ಫೋರ್ ಬೇಕೆಂದು ಹುಡುಕುವವರು ಬಹಳ. ಮಳೆಗಾಲದಲ್ಲಿ ತೋಟದ ದಾರಿಗೆ ಬೇರೆ ಗಾಡಿ ಆಗುವುದಿಲ್ಲ. ಕೊಳ್ಳುವಾಗ ಜನ ಟೈರ್, ಪೇಂಟು, ಸೀಟು ನೋಡುತ್ತಾರೆ. ಎಂಜಿನ್ ವಿಷಯಕ್ಕೆ ಬಂದರೆ ಸ್ಟಾರ್ಟ್ ಮಾಡಿ, ಎರಡು ಸಲ ರೇಸ್ ಮಾಡಿ, “ಸೌಂಡ್ ಚೆನ್ನಾಗಿದೆ” ಅಂತ ಅಡ್ವಾನ್ಸ್ ಕೊಡುತ್ತಾರೆ. ಅಲ್ಲೇ ತಪ್ಪುವುದು. ಸಾವಿರ ರೂಪಾಯಿಯ ಪೈಪಿನ ದೋಷವೂ ಲಕ್ಷದ ಎಂಜಿನ್ ಕೆಲಸವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಹೊಗೆ ಬರುತ್ತದೆ, ಎರಡರಲ್ಲೂ ಗಾಡಿ ಎಳೆಯುವುದಿಲ್ಲ. ಯಾವುದು ಯಾವುದು ಅಂತ ಬೇರ್ಪಡಿಸುವ ಕ್ರಮವನ್ನು, ನಾನು ಮಾಡಿದ ಹಾಗೇ, ಇಲ್ಲಿ ಬರೆದಿದ್ದೇನೆ.

ಎಂಜಿನ್ ತಣ್ಣಗಿರಲಿ

ಮಾಲೀಕರಿಗೆ ಹಿಂದಿನ ದಿನವೇ ಹೇಳಿಡಿ: “ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ.” ಹೋದ ತಕ್ಷಣ ಬಾನೆಟ್ ಎತ್ತಿ ಹೆಡ್ ಕವರ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮುಂದೆ ನೋಡಿ ಪ್ರಯೋಜನವಿಲ್ಲ. ಕಾಫಿ ಕುಡಿದು, ಇನ್ನೊಂದು ದಿನ ಬರುತ್ತೇನೆ ಅಂತ ವಾಪಸ್ ಬನ್ನಿ. ಡೀಸೆಲ್ ಎಂಜಿನ್‌ಗೆ ಪ್ಲಗ್ಗಿನ ಕಿಡಿ ಇಲ್ಲ. ಗಾಳಿಯನ್ನು ಹದಿನಾರು, ಹದಿನೇಳು ಪಾಲು ಒತ್ತಿದ ಬಿಸಿಯಿಂದಲೇ ಡೀಸೆಲ್ ಹತ್ತಿಕೊಳ್ಳಬೇಕು. ಪಿಸ್ಟನ್ ಸುತ್ತ ಗಾಳಿ ತಡೆಯುವ ರಿಂಗು ಸವೆದು ಗಾಳಿ ಸೋರಿಹೋದರೆ ಆ ಬಿಸಿ ಸಾಲದು. ಎಂಜಿನ್ ಒಮ್ಮೆ ಕಾದರೆ ಆ ಕೊರತೆ ಮುಚ್ಚಿಹೋಗುತ್ತದೆ. ಚಳಿಯ ಬೆಳಗ್ಗೆ ಮಾತ್ರ ಅದು ಬಯಲಿಗೆ ಬರುವುದು.

ನಾನು ಬಾಳೂರಿಗೆ ಹೋಗಿದ್ದು ಡಿಸೆಂಬರ್‌ನಲ್ಲಿ, ಬೆಳಗ್ಗೆ ಆರೂವರೆಗೆ. ಬಾನೆಟ್ ಮೇಲೆ ಇಬ್ಬನಿ ಹನಿಗಟ್ಟಿತ್ತು. ಹೀಟರ್ ದೀಪ ಆರುವವರೆಗೂ ಕಾದು ಸೆಲ್ಫ್ ಹೊಡೆದೆ. ಮೊದಲ ಸಲ ಹಿಡಿಯಲಿಲ್ಲ. ಎರಡನೇ ಸಲ ಏಳೆಂಟು ಸೆಕೆಂಡ್ ತಿರುಗಿ ಹತ್ತಿತು. ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ, ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆ. ಒಂದು ನಿಮಿಷದಲ್ಲಿ ಹೊಗೆ ನಿಂತಿತು. ಆಮೇಲೆ ಐಡ್ಲಿಂಗ್ ಗಡಿಯಾರದಂತೆ ಸಮ. ಒಂದಿಷ್ಟೂ ಮಿಸ್ಸಿಂಗ್ ಇಲ್ಲ.

ಇಲ್ಲಿ ಮೊದಲು ಅನುಮಾನಿಸಬೇಕಾದದ್ದು ಹೀಟರ್ ಪ್ಲಗ್, ಅಂದರೆ ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರ್ ಒಳಗೆ ಕಾಯಿಸುವ ಕಡ್ಡಿ. ಮಲ್ಟಿಮೀಟರ್ ಹಿಡಿದರೆ ಒಳ್ಳೆ ಪ್ಲಗ್ ಒಂದು ಓಮ್ ಆಸುಪಾಸು ತೋರಿಸುತ್ತದೆ. ಸುಟ್ಟದ್ದು ಏನೂ ತೋರಿಸುವುದಿಲ್ಲ. ನಾಲ್ಕೂ ಸರಿ ಇದ್ದವು. ಬ್ಯಾಟರಿಯೂ ಗಟ್ಟಿ ಇತ್ತು. ಪ್ಲಗ್ಗೂ ಬ್ಯಾಟರಿಯೂ ಸರಿ ಇದ್ದು ಚಳಿಯಲ್ಲಿ ಎಂಜಿನ್ ಹತ್ತಲು ಒದ್ದಾಡಿದರೆ ಉಳಿಯುವುದು ಎರಡೇ: ಒಂದೋ ಕಾಮನ್ ರೇಲ್‌ನಲ್ಲಿ (ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಹಂಚುವ ಒತ್ತಡದ ಪೈಪು) ಪ್ರೆಷರ್ ಏಳುತ್ತಿಲ್ಲ, ಇಲ್ಲವೇ ಕಂಪ್ರೆಷನ್, ಅಂದರೆ ಗಾಳಿಯನ್ನು ಒತ್ತುವ ಬಲ, ಸಾಲದು.

ಹೊಗೆಯ ಬಣ್ಣ

ಕಪ್ಪು ಹೊಗೆ ಅಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್, ಹರಿದ ಇಂಟರ್‌ಕೂಲರ್ (ಟರ್ಬೊ ಗಾಳಿ ತಣಿಸುವ ಜಾಲರಿ) ಪೈಪು, ತೆರೆದೇ ಸಿಕ್ಕಿಕೊಂಡ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ) ವಾಲ್ವ್, ಇವೆಲ್ಲ ಆಗಿರಬಹುದು. ನೋಡಲು ಹೆದರಿಕೆಯಾದರೂ ಕಪ್ಪು ಹೊಗೆಯೇ ಎಲ್ಲಕ್ಕಿಂತ ಅಗ್ಗದ್ದು. ನೀಲಿ ಅಂದರೆ ಆಯಿಲ್ ಸುಡುತ್ತಿದೆ. ಬಿಳಿಯಲ್ಲಿ ಎರಡು ಜಾತಿ: ಕಣ್ಣು ಉರಿಸಿದರೆ ಸುಡದ ಡೀಸೆಲ್, ಸಿಹಿ ವಾಸನೆ ಬಂದು ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಕೂಲಂಟ್. ಚಳಿಯಲ್ಲಿ ಸೈಲೆನ್ಸರ್ ತುದಿಯಲ್ಲಿ ತುಸು ಆವಿ ಕಂಡರೆ ಅದು ಲೆಕ್ಕಕ್ಕಿಲ್ಲ.

ನೀಲಿ ಹೊಗೆ ಯಾವಾಗ ಬರುತ್ತದೆ ಅನ್ನುವುದನ್ನೂ ಗಮನಿಸಿ. ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಮೇಲೆ ಎಕ್ಸಲರೇಟರ್ ಒತ್ತಿದಾಗ ಒಮ್ಮೆ ಬುಸ್ಸೆಂದು ಬಂದು ನಿಂತರೆ ಟರ್ಬೊ ಅಥವಾ ವಾಲ್ವ್ ಸೀಲ್ ಮೇಲೆ ಅನುಮಾನ ಪಡಿ. ಲೋಡಿನಲ್ಲಿ ಏರು ಹತ್ತುವಾಗ ಬಿಡದೆ ಬಂದರೆ ರಿಂಗು.

ಬ್ಯಾಕ್ ಕಂಪ್ರೆಷನ್

ಈ ಪರೀಕ್ಷೆಗೆ ಕಾಸು ಖರ್ಚಿಲ್ಲ, ಸ್ಪ್ಯಾನರ್ ಕೂಡ ಬೇಡ. ಆದರೂ ಕೊಳ್ಳುವವರು ಮಾಡುವುದು ಅಪರೂಪ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದನ್ನು ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ತುಸು ನಡುಗುತ್ತಾ ಅಲ್ಲೇ ಕೂತರೆ ಸರಿ. ಯಾವ ಡೀಸೆಲ್‌ನಲ್ಲೂ ಅಷ್ಟು ಉಸಿರು ಇದ್ದೇ ಇರುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಹಾಗೆ ಕುಣಿದು ಪಕ್ಕಕ್ಕೆ ಬಿದ್ದರೆ, ಅಥವಾ ಬಾಯಿಯಿಂದ ಎಡೆಬಿಡದೆ ಹೊಗೆ ತಳ್ಳುತ್ತಿದ್ದರೆ, ಉರಿಯುವ ಗ್ಯಾಸು ಪಿಸ್ಟನ್ ಪಕ್ಕದಿಂದ ಇಳಿದು ಚೇಂಬರ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತುಂಬಿರುವ ಭಾಗಕ್ಕೆ, ಹೋಗುತ್ತಿದೆ ಅಂತ ಅರ್ಥ. ಇದನ್ನೇ ಬ್ಯಾಕ್ ಕಂಪ್ರೆಷನ್ ಅನ್ನುವುದು. ಕೆಲವು ಗಾಡಿಗಳಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ತಾನಾಗಿ ಮೇಲೆದ್ದು ಸುತ್ತ ಆಯಿಲ್ ಚೆಲ್ಲಿರುತ್ತದೆ. ಅದೂ ಇದೇ ಗುರುತು.

ಬಾಳೂರಿನ ಜೀಪಿನಲ್ಲಿ ಮುಚ್ಚಳ ಮೂರು ಸೆಕೆಂಡ್ ಕೂರಲಿಲ್ಲ. ಬ್ಯಾಟರಿ ಮೇಲೆ ಹೋಗಿ ಬಿತ್ತು.

ಟರ್ಬೊ ವಿಷಯಕ್ಕೂ ಇದಕ್ಕೂ ನೇರ ನಂಟಿದೆ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತದೆ. ಅದು ತೇಲುವುದು ಆಯಿಲ್‌ನ ತೆಳು ಪದರದ ಮೇಲೆ. ಆಯಿಲ್ ಒಳಗೆ ಬರುವುದು ಸಣ್ಣ ಪೈಪಿನಲ್ಲಿ, ಪಂಪಿನ ಒತ್ತಡದಿಂದ. ವಾಪಸ್ ಹೋಗುವುದು ದಪ್ಪ ಪೈಪಿನಲ್ಲಿ, ತನ್ನ ತೂಕಕ್ಕೆ ತಾನೇ ಜಾರಿ, ಕೆಳಗಿನ ಚೇಂಬರ್‌ಗೆ. ಚೇಂಬರ್‌ನಲ್ಲಿ ಗ್ಯಾಸಿನ ಒತ್ತಡ ತುಂಬಿದ್ದರೆ ಆಯಿಲ್ ಇಳಿಯುವುದಾದರೂ ಹೇಗೆ? ಟರ್ಬೊದ ಹೊಟ್ಟೆಯಲ್ಲಿ ನಿಂತು, ಎರಡೂ ಬದಿಯ ಸೀಲ್ ದಾಟಿ ಹೊರಗೆ ಬರುತ್ತದೆ. ಟರ್ಬೊದ ಸೀಲ್ ಅಂದರೆ ರಬ್ಬರ್ ಅಲ್ಲ, ಪಿಸ್ಟನ್ ರಿಂಗಿನಂಥ ತೆಳು ಲೋಹದ ಬಳೆ. ನಿಂತ ಆಯಿಲ್ ತಡೆಯಲು ಅದನ್ನು ಮಾಡಿಯೇ ಇಲ್ಲ. ಹೀಗಾಗಿ ಅಂಥ ಎಂಜಿನ್‌ಗೆ ಹೊಸ ಟರ್ಬೊ ಹಾಕಿದರೂ ಕೆಲವೇ ದಿನದಲ್ಲಿ ಅದೂ ಸೋರುತ್ತದೆ. “ಮೊನ್ನೆ ಹೊಸ ಟರ್ಬೊ ಹಾಕ್ಸಿದ್ದೀನಿ” ಅನ್ನುವ ಬಿಲ್ಲು ಕಂಡರೆ ನಾನು ಅದನ್ನು ಗಾಡಿಯ ಹೆಚ್ಚುಗಾರಿಕೆ ಅಂತ ಎಣಿಸುವುದಿಲ್ಲ. ಹಳೆಯದು ಯಾಕೆ ಹೋಯಿತು ಅಂತ ಕೇಳುತ್ತೇನೆ.

ಆದರೆ ಮುಚ್ಚಳ ಕುಣಿದ ಮಾತ್ರಕ್ಕೆ ಎಂಜಿನ್ ಕಥೆ ಮುಗಿಯಿತು ಅಂತಲೂ ಅಲ್ಲ. ಚೇಂಬರ್ ಗಾಳಿ ಹೊರಹೋಗುವ ಬ್ರೀದರ್ ಪೈಪು ಆಯಿಲ್ ಜಿಡ್ಡಿನಿಂದ ಕಟ್ಟಿಕೊಂಡಿದ್ದರೆ ಆರೋಗ್ಯವಂತ ಎಂಜಿನ್ ಕೂಡ ಹೀಗೇ ಆಡುತ್ತದೆ. ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಊದಿ, ಮತ್ತೆ ಮುಚ್ಚಳ ಇಟ್ಟು ನೋಡಿ. ಆಗ ಕುಣಿತ ನಿಂತರೆ ನಿಮ್ಮ ಅದೃಷ್ಟ, ಕಡಿಮೆ ಬೆಲೆಗೆ ಒಳ್ಳೇ ಎಂಜಿನ್ ಸಿಕ್ಕಿದೆ. ಈ ಜೀಪಿನಲ್ಲಿ ಬ್ರೀದರ್ ಅರ್ಧ ಕಟ್ಟಿತ್ತು. ತೊಳೆದ ಮೇಲೆ ಕುಣಿತ ತಗ್ಗಿತು, ನಿಲ್ಲಲಿಲ್ಲ.

ಟರ್ಬೊವನ್ನೇ ನೋಡುವುದು

ಎಂಜಿನ್ ಆಫ್ ಮಾಡಿ, ತಣಿದ ಮೇಲೆ ಟರ್ಬೊಗೆ ಬರುವ ಗಾಳಿ ಪೈಪು ಬಿಚ್ಚಿ. ಪೈಪಿನೊಳಗೆ ತೆಳ್ಳಗೆ ಆಯಿಲ್ ಪಸೆ ಇದ್ದರೆ ಅದು ಬ್ರೀದರ್‌ನಿಂದ ಬಂದದ್ದು, ಚಿಂತೆ ಬೇಡ. ಮಡುಗಟ್ಟಿದ್ದರೆ ಚಿಂತೆ. ಶಾಫ್ಟಿನ ಮೂತಿ ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ: ತುಸು ಆಟ ಇರಲೇಬೇಕು, ಆಯಿಲ್ ತುಂಬಿಕೊಳ್ಳುವ ಜಾಗ ಅದು. ಹಿಂದೆ ಮುಂದೆ ಎಳೆದರೆ ಆಟ ಕೈಗೆ ಗೊತ್ತಾಗಬಾರದು. ರೆಕ್ಕೆ ಗೋಡೆಗೆ ಉಜ್ಜಿದ ಗೀರು ಇದ್ದರೆ ಟರ್ಬೊ ನಿಜಕ್ಕೂ ಹೋಗಿದೆ.

ಇಲ್ಲಿ ಆಟ ಸರಿ ಇತ್ತು, ಗೀರು ಇರಲಿಲ್ಲ. ಹಳೇ ಟರ್ಬೊ ಇದೆಯಾ ಅಂತ ಕೇಳಿದೆ. ಮಾಲೀಕರು ಪಲ್ಪರ್ ಮನೆ ಮೂಲೆಯ ಗೋಣಿಚೀಲದಿಂದ ತೆಗೆದು ತಂದರು. ಬಿಸಿಲಿಗೆ ಹಿಡಿದು ನೋಡಿದೆ. ಅಲ್ಯೂಮಿನಿಯಂ ರೆಕ್ಕೆಗಳ ಅಂಚು ಚೂಪಾಗಿರಬೇಕಿತ್ತು. ಮರಳು ಕಾಗದದಲ್ಲಿ ಉಜ್ಜಿದ ಹಾಗೆ ಅಷ್ಟೂ ರೆಕ್ಕೆಗಳ ತುದಿ ಸಮನಾಗಿ ಸವೆದು ದುಂಡಗಾಗಿತ್ತು. ಕಲ್ಲು ಬಡಿದಿದ್ದರೆ ಒಂದೋ ಎರಡೋ ರೆಕ್ಕೆ ಮುರಿಯುತ್ತಿತ್ತು. ಇದು ಧೂಳು ತಿಂದದ್ದು. ತಕ್ಷಣ ಗಾಡಿ ಹತ್ತಿರ ಓಡಿ ಏರ್ ಫಿಲ್ಟರ್ ಡಬ್ಬಿಯಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪನ್ನು ಕೈಯಲ್ಲಿ ತಡವಿದೆ. ಮೇಲಿನಿಂದ ನೋಡಿದರೆ ಚೆನ್ನಾಗಿತ್ತು. ತಳಭಾಗದ ಮಡಿಕೆಯಲ್ಲಿ ಬೆರಳುದ್ದದ ಸೀಳು, ಅದರ ಮೇಲೆ ಯಾರೋ ಕರೆಂಟಿನ ಕಪ್ಪು ಟೇಪು ಸುತ್ತಿದ್ದರು. ಟೇಪು ಬಿಸಿಗೆ ಬಿಟ್ಟುಹೋಗಿ ಅಂಟು ಜಿನುಗುತ್ತಿತ್ತು. ಫಿಲ್ಟರ್ ದಾಟಿದ ಮೇಲಿನ ಪೈಪು ಅದು. ಅಲ್ಲಿ ಹೊಕ್ಕ ಧೂಳನ್ನು ತಡೆಯುವವರು ಯಾರೂ ಇಲ್ಲ. ಮೊದಲು ಟರ್ಬೊ ರೆಕ್ಕೆ, ಅಲ್ಲಿಂದ ಸೀದಾ ಬೋರ್ (ಸಿಲಿಂಡರ್‌ನ ಒಳಗೋಡೆ), ರಿಂಗು.

ಕಂಪ್ರೆಷನ್ ಲೆಕ್ಕ

ಅನುಮಾನಕ್ಕೆ ಅಂಕಿ ಬೇಕು. ಮಾಲೀಕರ ಒಪ್ಪಿಗೆ ಪಡೆದು ನಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಮರುವಾರ ಹೋದೆ. ಎಂಜಿನ್ ಕಾಯಿಸಿ, ನಾಲ್ಕೂ ಹೀಟರ್ ಪ್ಲಗ್ ಬಿಚ್ಚಿ, ಡೀಸೆಲ್ ಬಾರದಂತೆ ಇಂಜೆಕ್ಟರ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ) ಸಾಕೆಟ್ ಕಳಚಿ, ಹೀಟರ್ ಪ್ಲಗ್ಗಿನ ತೂತಿಗೆ ಡೀಸೆಲ್ ಗೇಜು ಹಾಕಿ ಸೆಲ್ಫ್ ಹೊಡೆಯಬೇಕು. ಪೆಟ್ರೋಲ್ ಗೇಜು ಇಲ್ಲಿ ಒಡೆದುಹೋಗುತ್ತದೆ. ಇಂಥ ಎಂಜಿನ್ ಆರೋಗ್ಯವಾಗಿದ್ದರೆ 400 ಪಿಎಸ್‌ಐ ಆಸುಪಾಸು ಬರುತ್ತದೆ. ನಮಗೆ ಬಂದದ್ದು 295, 300, 275, 305.

ಈ ಅಂಕಿಗಳನ್ನು ನಿಧಾನವಾಗಿ ಓದಿ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಹತ್ತು ಶೇಕಡಾದಷ್ಟು, ಅಂದರೆ ಒಪ್ಪುವಂಥದ್ದೇ. ಅದಕ್ಕೇ ಐಡ್ಲಿಂಗ್ ಗಡಿಯಾರದಂತೆ ಸಮ ಇದ್ದದ್ದು. ಒಂದು ಸಿಲಿಂಡರ್ ಮಾತ್ರ ಬಿದ್ದಿದ್ದರೆ ಎಂಜಿನ್ ನಡುಗುತ್ತಿತ್ತು, ಯಾರಿಗಾದರೂ ಗೊತ್ತಾಗುತ್ತಿತ್ತು. ನಾಲ್ಕೂ ಒಟ್ಟಿಗೆ ಸವೆದರೆ ಸೌಂಡ್ ಕೇಳಿ ಮೋಸ ಹೋಗದವರಿಲ್ಲ. ಗೇಜಿನ ಜಾಗದಲ್ಲಿ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಟ್ಟೆವು. ಸೈಲೆನ್ಸರ್‌ನಲ್ಲಿ ಸದ್ದಾದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಬಂದರೆ ಇನ್‌ಟೇಕ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ನಮ್ಮದರಲ್ಲಿ ಗಾಳಿ ಹಿಸ್ಸೆಂದು ಬಂದದ್ದು ಆಯಿಲ್ ಬಾಯಿಯಿಂದ. ರಿಂಗು, ಬೋರ್.

ನೀರು ಮತ್ತು ಹೆಡ್ ಗ್ಯಾಸ್ಕೆಟ್

ರೇಡಿಯೇಟರ್ ಮುಚ್ಚಳವನ್ನು ತಣ್ಣಗಿದ್ದಾಗ ಮಾತ್ರ ಬಿಚ್ಚಿ, ಬಿಸಿಯಲ್ಲಿ ಬಿಚ್ಚಿ ಮುಖ ಸುಟ್ಟುಕೊಂಡವರಿದ್ದಾರೆ. ಕೂಲಂಟ್ ಬಣ್ಣ ಇರಬೇಕು. ಬರೀ ತುಕ್ಕು ನೀರಿದ್ದರೆ ಮಾಲೀಕರು ಸೋರಿಕೆಯ ಜೊತೆ ಬದುಕಿದ್ದಾರೆ ಅಂತಾಯಿತು. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರ್ ಗ್ಯಾಸು ನೀರಿಗೆ ನುಗ್ಗುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಕಾಫಿ ನೊರೆಯಂಥ ಕೆನೆ ಕಂಡರೆ ಗಾಬರಿಯಾಗಬೇಡಿ. ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಎರಡು ಮೈಲಿ ಓಡುವ ಗಾಡಿಗಳಲ್ಲಿ ಬರೀ ತೇವದಿಂದಲೂ ಅದು ಕಟ್ಟುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣ ಇದ್ದರೆ ಮಾತ್ರ ನಿಜವಾದ ತೊಂದರೆ. ಡಿಪ್‌ಸ್ಟಿಕ್ ಮೂಸಿಯೂ ನೋಡಿ. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಸೋರಿ ಆಯಿಲ್ ತೆಳುವಾಗಿದೆ, ಬೇರಿಂಗಿಗೆ ಆಪತ್ತು. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಯಾದರೆ, ಬರೀ ಸಣ್ಣ ಓಟದಿಂದ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನ ಮಸಿಯನ್ನು ಸರಿಯಾಗಿ ಸುಟ್ಟುಕೊಳ್ಳದೆಯೂ ಹೀಗಾಗುತ್ತದೆ.

ಇಂಜೆಕ್ಟರ್

ಕಾಮನ್ ರೇಲ್ ಎಂಜಿನ್‌ನಲ್ಲಿ ಯಾವ ಇಂಜೆಕ್ಟರ್ ಹೋಗಿದೆ ಅಂತ ತಿಳಿಯಲು ನಾಲ್ಕು ಪಾರದರ್ಶಕ ಬಾಟಲಿ ಸಾಕು. ರಿಟರ್ನ್ ಪೈಪುಗಳನ್ನು ಒಂದೊಂದು ಬಾಟಲಿಗೆ ಇಳಿಸಿ ಮೂರು ನಿಮಿಷ ಓಡಿಸಿ. ಉಳಿದವಕ್ಕಿಂತ ಎರಡು ಮೂರು ಪಟ್ಟು ತುಂಬಿದ ಬಾಟಲಿಯ ಇಂಜೆಕ್ಟರ್ ಒಳಗೇ ಸೋರುತ್ತಿದೆ, ಅದರಿಂದಲೇ ರೇಲ್ ಪ್ರೆಷರ್ ಏಳುವುದಿಲ್ಲ. ಹಳೇ ಜೀಪಿನಲ್ಲಿ ಮಾಡುತ್ತಿದ್ದ ಹಾಗೆ ಓಡುವ ಎಂಜಿನ್‌ನ ಹೈ ಪ್ರೆಷರ್ ಪೈಪು ಸಡಿಲಿಸಬೇಡಿ. ಐಡ್ಲಿಂಗ್‌ನಲ್ಲೇ ನೂರಾರು ಬಾರ್ ಒತ್ತಡ, ಜೋರಾಗಿ ಒತ್ತಿದರೆ ಸಾವಿರ ದಾಟುತ್ತದೆ. ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ, ಕೈ ಕಳೆದುಕೊಳ್ಳುವ ಮಾತು.

ಇಂಜೆಕ್ಟರ್ ತಳದ ತಾಮ್ರದ ವಾಷರ್ ಕಡೆಗೂ ಕಣ್ಣಿರಲಿ. ಟೊಯೋಟಾದ 3.0 ಲೀಟರ್ 1ಕೆಡಿ-ಎಫ್‌ಟಿವಿ ಎಂಜಿನ್‌ನಲ್ಲಿ, ಅಂದರೆ ಹೊರದೇಶಗಳ ಹೈಲಕ್ಸ್, ಪ್ರಾಡೊ ಮತ್ತು ನಮ್ಮಲ್ಲಿ 2009ರಲ್ಲಿ ಬಂದ ಮೊದಲ ತಲೆಮಾರಿನ ಫಾರ್ಚುನರ್‌ನಲ್ಲಿದ್ದ ಎಂಜಿನ್‌ನಲ್ಲಿ, ಇದು ಆಸ್ಟ್ರೇಲಿಯಾದವರೆಗೂ ಹೆಸರಾದ ದೋಷ. ಒಟ್ಟಾರೆ ಗಟ್ಟಿ ಎಂಜಿನ್. ಆದರೆ ವಾಷರ್ ಸೋರಿದರೆ ಉರಿದ ಗ್ಯಾಸು ಹೆಡ್ ಕವರ್ ಒಳಗೆ ನುಗ್ಗಿ ಆಯಿಲ್ ಮಸಿಗಟ್ಟುತ್ತದೆ. ಆ ಮಸಿ ಚೇಂಬರ್ ತಳದ ಜಾಲರಿಯನ್ನು ಕಟ್ಟಿ, ಆಯಿಲ್ ಪ್ರೆಷರ್ ಬಿದ್ದು ಎಂಜಿನ್ನೇ ಹೋಗುತ್ತದೆ. ಬ್ಯಾಕ್ ಕಂಪ್ರೆಷನ್ ಇದೆ, ಕಂಪ್ರೆಷನ್ ಅಂಕಿ ಚೆನ್ನಾಗಿದೆ ಅನ್ನುವ ಗೊಂದಲ ಬಂದರೆ ಈ ವಾಷರ್ ನೆನಪಿರಲಿ.

ಘಾಟಿಯಲ್ಲಿ ಓಡಿಸಿ

ನಮ್ಮ ಕಡೆಯವರಿಗೆ ಚಾರ್ಮಾಡಿ ಇರುವಾಗ ಬೇರೆ ಟೆಸ್ಟ್ ಟ್ರ್ಯಾಕ್ ಬೇಡ. ಕೆಳಗಿನಿಂದ ಕೊಟ್ಟಿಗೆಹಾರದ ಕಡೆಗೆ ಮೂರನೇ ಗೇರಿನಲ್ಲಿ ಹತ್ತಿಸಿ. 1,800 ಆರ್‌ಪಿಎಂ ಹೊತ್ತಿಗೆ ಬೆನ್ನು ಸೀಟಿಗೆ ಒತ್ತಬೇಕು. ಎಳೆತ ಇಲ್ಲದೆ ಬುಸುಗುಟ್ಟುವ ಗಾಳಿ ಸದ್ದು, ಹಿಂದೆ ಕಪ್ಪು ಹೊಗೆ ಇದ್ದರೆ ಇಂಟರ್‌ಕೂಲರ್ ಹೋಸ್ ಹರಿದಿದೆ ಅಥವಾ ಕ್ಲಿಪ್ ಜಾರಿದೆ. ಹೊಗೆ ಇಲ್ಲದೆ ಎಳೆತ ಮಾತ್ರ ಸತ್ತಿದ್ದರೆ ಡೀಸೆಲ್ ಫಿಲ್ಟರ್, ಇಲ್ಲವೇ ಟರ್ಬೊ ನಡೆಸುವ ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟಿದೆ. ಮೂರು ಸಾವಿರ ದಾಟಿದಾಗ ಚೆಕ್ ಲೈಟ್ ಬಂದು ಗಾಡಿ ಸೊರಗಿ, ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ ಅಂದರೆ ವಿಜಿಟಿ ಟರ್ಬೊದ (ಒಳರೆಕ್ಕೆಯ ಕೋನ ಬದಲಾಗುವ ಬಗೆ) ಒಳರೆಕ್ಕೆ ಮಸಿಯಲ್ಲಿ ಸಿಕ್ಕಿಕೊಂಡಿದೆ. ಹೆಚ್ಚಿನ ಗಾಡಿಗಳಲ್ಲಿ ಒಮ್ಮೆ ಬಿಚ್ಚಿ ತೊಳೆದರೆ ಸಾಕು.

ಮಾರುವ ಮೊದಲು ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್‌ಗಳನ್ನು ಸ್ಕ್ಯಾನರ್‌ನಲ್ಲಿ ಅಳಿಸಿರಬಹುದು. ಅದಕ್ಕೇ ಓಡಿಸಿ ಬಂದ ಮೇಲೆ ಸ್ಕ್ಯಾನ್ ಮಾಡಿಸಿ, ಮೊದಲಲ್ಲ.

ಟರ್ಬೊದಿಂದ ಆಯಿಲ್ ಜೋರಾಗಿ ಎಂಜಿನ್ನಿಗೇ ನುಗ್ಗಿದರೆ ಎಂಜಿನ್ ಅದನ್ನೇ ಡೀಸೆಲ್‌ನಂತೆ ಸುಟ್ಟು ತಾನಾಗಿ ರೇಸ್ ಆಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಮ್ಯಾನುಯಲ್ ಗೇರಿನ ಗಾಡಿಯಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಐದನೇ ಗೇರು ಹಾಕಿ, ಕ್ಲಚ್ ಬಿಟ್ಟು ಸಾಯಿಸಿ. ಆಯಿಲ್ ಸೋರುವ ಗಾಡಿ ಓಡಿಸಿ ನೋಡುವ ಮೊದಲು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಸೀಟಿನಲ್ಲಿ ಕೂರಿ.

ಫೋರ್ ಬೈ ಫೋರ್ ಭಾಗ ಸುಲಭ. ಮಣ್ಣಿನ ಜಾಗದಲ್ಲಿ ಫೋರ್ ಹೈ, ಫೋರ್ ಲೋ ಎರಡೂ ಹಾಕಿ, ನಾಲ್ಕೂ ಚಕ್ರ ಎಳೆಯುತ್ತವೆಯೇ ನೋಡಿ. ಒಣ ಟಾರಿನಲ್ಲಿ ಹಾಕಿ ತಿರುಗಿಸಬೇಡಿ. ಡಿಫರೆನ್ಷಿಯಲ್ ಆಯಿಲ್ ಹಾಲಿನ ಬಣ್ಣ ಇದ್ದರೆ ಗಾಡಿ ಹೊಳೆ ದಾಟಿದೆ. ಹಾಗಿದ್ದರೆ ಎಂಜಿನ್ ನೀರು ಕುಡಿದು ಕನೆಕ್ಟಿಂಗ್ ರಾಡ್ ಬಾಗಿರುವ ಸಾಧ್ಯತೆಯೂ ಇದೆ. ಆಗ ಒಂದು ಸಿಲಿಂಡರ್‌ನ ಕಂಪ್ರೆಷನ್ ಮಾತ್ರ ಕಡಿಮೆ ಬರುತ್ತದೆ. ಕರಾವಳಿಯಲ್ಲಿದ್ದ ಗಾಡಿಯಾದರೆ ತುಕ್ಕು ತಿಂದಿದೆಯೇ ಅಂತ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ದೆಹಲಿ ನೋಂದಣಿಯ ಡೀಸೆಲ್ ಗಾಡಿ ಅಗ್ಗಕ್ಕೆ ಸಿಕ್ಕರೆ ಕಾರಣ ಎಂಜಿನ್ ಅಲ್ಲದಿರಬಹುದು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್‌ಗಳ ಮೇಲೆ ಹಸಿರು ನ್ಯಾಯಮಂಡಳಿ ಹೇರಿದ ನಿಷೇಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಆದರೆ ಎನ್‌ಒಸಿ ಜೊತೆಗೆ ಇಲ್ಲಿ ಮತ್ತೆ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಕೊನೆಗೆ ಏನಾಯಿತು

ಅಂಕಿ ಬರೆದ ಕಾಗದ ಮಾಲೀಕರ ಮುಂದಿಟ್ಟು ಎಲ್ಲ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಹಂಗಾದ್ರೆ ನಾನು ಹಾಕ್ಸಿದ ಟರ್ಬೊ ದಂಡ ಅಂತೀರಾ?” ದಂಡ ಅಲ್ಲ ಸರ್, ಅದು ಚೆನ್ನಾಗೇ ಇದೆ ಅಂದೆ. ಎಂಜಿನ್ ಕೆಲಸದ ಅಂದಾಜು ಲಕ್ಷ ದಾಟಿತ್ತು. ಅಷ್ಟನ್ನು ಮುರಿದು ಕೊಡಲು ಅವರು ಒಪ್ಪಿದರು, ನಾನು ಕೊಂಡೆ.

ಎಂಜಿನ್ ಬಿಚ್ಚಿದಾಗ ಬೋರಿನ ಮೇಲ್ಭಾಗದಲ್ಲಿ ಉಗುರು ಸಿಕ್ಕುವಷ್ಟು ಮೆಟ್ಟಿಲು ಸವೆದಿತ್ತು. ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗು, ಬೇರಿಂಗ್ ಹಾಕಿಸಿದೆವು. ಇಂಟರ್‌ಕೂಲರ್ ಒಳಗಿನ ಆಯಿಲ್, ಧೂಳು ಎರಡು ಸಲ ತೊಳೆದೆವು. ಏರ್ ಫಿಲ್ಟರ್ ಪೈಪು ಹೊಸದು, ಎರಡೂ ಕಡೆ ಹೊಸ ಕ್ಲಿಪ್ಪು. ಟರ್ಬೊವನ್ನು ಅಂಗಡಿಯಲ್ಲಿ ಬಿಚ್ಚಿ ನೋಡಿಸಿ, ತೊಳೆದು, ಆಯಿಲ್ ಬರುವ ಸಣ್ಣ ಪೈಪು ಮಾತ್ರ ಬದಲಾಯಿಸಿ, ಅದನ್ನೇ ಕೂರಿಸಿದೆವು. ಮತ್ತೆ ಗೇಜು ಹಾಕಿದಾಗ ನಾಲ್ಕೂ 400 ದಾಟಿದವು. ಆಮೇಲೆ ಗಾಡಿ 22 ಸಾವಿರ ಕಿಲೋಮೀಟರ್ ಓಡಿದೆ, ಚಳಿಗಾಲದ ಬೆಳಗ್ಗೆ ಒಂದೇ ಸೆಲ್ಫಿಗೆ ಹತ್ತುತ್ತದೆ. ಕಳೆದ ಭಾನುವಾರ ಟರ್ಬೊ ಕೆಳಗಿನ ಪೈಪಿಗೆ ಬಿಳಿ ಬಟ್ಟೆ ಒರೆಸಿ ನೋಡಿದೆ. ಬಟ್ಟೆಗೆ ಕೆಂಪು ಧೂಳು ಬಂತು, ಆಯಿಲ್ ಬರಲಿಲ್ಲ.